ಮಾಳಿಗೆಯ ಮೇಲೆ ಹೊತ್ತಿದ ಬೇರೆ ಒಲೆ

ನಮ್ಮ ಉಮರಗಾದಲ್ಲಿ ಮದುವೆ ಇರಲಿ, ಕುಬುಸ ಇರಲಿ, ನಾಲ್ಕು ಜನ ಕೂಡಿದರೆ ಮಾತು ಕೊನೆಗೆ ಎರಡರಲ್ಲೊಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಭೂಕಂಪದ ದಿನ ನೀವು ಎಲ್ಲಿದ್ದಿರಿ? ಲಾಕ್‌ಡೌನಿನಲ್ಲಿ ಎಲ್ಲಿ ಸಿಕ್ಕಿಬಿದ್ದಿದ್ದಿರಿ? ಮೊದಲನೆಯದಕ್ಕೆ ಉತ್ತರ ಹೇಳುವಾಗ ನಮ್ಮವ್ವನ ದನಿ ಇಳಿಯುತ್ತದೆ. ಆ ದಿನ ನೆಲಸಮವಾದ ಸಾಸ್ತೂರಿನಲ್ಲಿ ಅವಳ ಗೆಳತಿಯರಿದ್ದರು. ನಾನು ಹುಟ್ಟಿದ್ದು ಅದಾದ ಮೇಲೆ, ಹಾಗಾಗಿ ಆ ಮಾತು ನಡೆದಾಗ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನಾನು ಬಾಯಿ ಮುಚ್ಚಿಕೊಳ್ಳುವ ಪ್ರಸಂಗ ಇದೊಂದೇ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಎರಡನೆಯ ಪ್ರಶ್ನೆ ಬಂದರೆ ಮಾತ್ರ ಬೇರೆಯವರಿಗೆ ಸರದಿ ಬಿಡುವವಳಲ್ಲ ನಾನು. ಯಾಕೆಂದರೆ ನಾನು ನಮ್ಮ ಮನೆಯಲ್ಲೇ ಇದ್ದೆ. ಸಿಕ್ಕಿಬಿದ್ದವರು ನನ್ನನ್ನು ನೋಡಲು ಬಂದವರು.

ಅವರು ಬಂದದ್ದು ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ರಾಜ್ಯದ ಗಡಿಯಾಚೆಯ ಬಸವಕಲ್ಯಾಣದಿಂದ, ತಾಯಿ ಮತ್ತು ಮಗ. ಮರುದಿನ ದೇಶವೆಲ್ಲ ಒಂದು ದಿನ ಮನೆಯೊಳಗೆ ಕೂರಬೇಕೆಂದು ಟಿವಿಯಲ್ಲಿ ಹೇಳಿದ್ದರು. ಆದರೂ ಮಧ್ಯಸ್ಥಿಕೆಯವರು, “ಗಂಟೆ ಎರಡು ಗಂಟೆ ಕೆಲಸ, ಸಂಜಿ ಬಸ್ಸಿಗಿ ಹೋಗಿಬಿಡ್ತಾರ” ಎಂದು ನಮ್ಮಪ್ಪನನ್ನು ಒಪ್ಪಿಸಿದ್ದರು. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಗಿರಾಕಿಗೆ ಇಲ್ಲ ಅನ್ನಲು ಬಾರದ ಮನುಷ್ಯ. ನಾನು ಉದಗೀರದಲ್ಲಿ ಬಿ.ಎಡ್. ಓದುತ್ತಿದ್ದೆ. ಕಾಲೇಜು ಮುಚ್ಚಿ ಮನೆಗೆ ಬಂದು ನಾಲ್ಕು ದಿನವಾಗಿತ್ತು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ನನಗೆ ಆಗಲೇ ಸಾಕಷ್ಟು ಅನುಭವವಿತ್ತು. ಹಿಂದೆ ನಿಲಂಗಾದಿಂದ ಬಂದಿದ್ದ ಒಬ್ಬ, ಹುಡುಗಿ ನಾಲ್ಕು ಹೆಜ್ಜೆ ನಡೆದು ತೋರಿಸಲಿ ಎಂದಿದ್ದ. “ಮೊದಲು ನೀವು ನಡೀರಿ, ನೋಡಿ ಕಲೀತೀನಿ” ಎಂದಿದ್ದೆ. ಆ ಸಂಬಂಧ ಚಹಾ ಆರುವುದರೊಳಗೆ ಮುರಿಯಿತು. ಈ ಬಸವಕಲ್ಯಾಣದವನು ನಡೆ ಅನ್ನಲಿಲ್ಲ, ಬಾ ಅನ್ನಲಿಲ್ಲ, ಏನೂ ಅನ್ನಲಿಲ್ಲ. ತಲೆ ತಗ್ಗಿಸಿ ಅವಲಕ್ಕಿಯೊಳಗಿನ ಶೇಂಗಾ ಒಂದೊಂದಾಗಿ ಆರಿಸಿ ತಿನ್ನುತ್ತ ಕೂತಿದ್ದ. ಏನು ಉದ್ಯೋಗ ಎಂದು ಅಪ್ಪ ಅವನನ್ನು ಕೇಳಿದರೆ ಅವನ ತಾಯಿ, “ಮೋಟಾರ ವೈಂಡಿಂಗ್ ಅಂಗಡಿ ಅದ್ರಿ ಅಂವಂದು” ಎಂದು ಹೇಳಿದರು. ಎಷ್ಟು ಓದಿದ್ದಾನೆ ಎಂದರೂ ಅವರೇ. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದವಳೇ ಅವ್ವನಿಗೆ, “ಬ್ಯಾಡ. ಈ ಮೂಕಬಸವನ ಕೂಡ ನನ್ನ ಬಾಳೇವು ಆಗಂಗಿಲ್ಲ” ಎಂದುಬಿಟ್ಟೆ.

ನಮ್ಮ ಕಡೆ ಇಲ್ಲ ಎನ್ನುವುದಕ್ಕೂ ಒಂದು ರೀತಿಯಿದೆ. ಮುಖದ ಮೇಲೆ ಯಾರೂ ಹೇಳುವುದಿಲ್ಲ. ನಗುನಗುತ್ತ ಕಳಿಸಿಕೊಟ್ಟು, ಎರಡು ದಿನ ಬಿಟ್ಟು ಮಧ್ಯಸ್ಥಿಕೆಯವರ ಬಾಯಿಂದ, “ಹುಡುಗಿ ಇನ್ನಾ ಓದ್ತೀನಿ ಅಂತಾಳ” ಎಂದು ಹೇಳಿಸುವುದು. ಹಾಗೇ ಬಂದವರಿಗೂ ಒಂದು ನೇಮವಿದೆ. ಸಂಬಂಧ ಕೂಡುವವರೆಗೆ ಹೆಣ್ಣಿನ ಮನೆಯಲ್ಲಿ ಊಟ ಮಾಡಬಾರದು. ಚಹಾ, ಅವಲಕ್ಕಿ, ಹೆಚ್ಚೆಂದರೆ ಸುಸಲಾ. ಊಟಕ್ಕೆ ಕರೆದರು, ಉಂಡರು ಎಂದರೆ ಮಾತು ಮುಗಿಯಿತು ಎಂದೇ ಅರ್ಥ. ಈ ಎರಡೂ ನೇಮ ಮಾಡಿದವರಿಗೆ ಬಂದವರು ಎದ್ದು ಹೋಗುತ್ತಾರೆ ಎಂಬ ಭರವಸೆ ಇತ್ತು, ಪಾಪ.

ಸಂಜೆಯ ಬಸ್ಸು ರದ್ದಾಗಿತ್ತು. ಭಾನುವಾರ ಯಾರೂ ಹೊರಬೀಳುವಂತಿರಲಿಲ್ಲ. ಸೋಮವಾರ ಗಡಿ ಮುಚ್ಚಿದರು. ಮಂಗಳವಾರ ದೇಶವನ್ನೇ ಮುಚ್ಚಿದರು. ಉಮರಗಾದಿಂದ ಬಸವಕಲ್ಯಾಣ ಮುಂಜಾನೆ ಹೋಗಿ ಮಧ್ಯಾಹ್ನದ ಊಟಕ್ಕೆ ತಿರುಗಿ ಬರುವಷ್ಟು ಹತ್ತಿರ. ಆದರೆ ನಡುವೆ ಎರಡು ರಾಜ್ಯದ ಪೊಲೀಸರು ಬಿದಿರು ಕಟ್ಟಿ ನಿಂತಿದ್ದರು. ನಮ್ಮ ಮಾಳಿಗೆಯ ಮೇಲೆ ಒಂದು ಖೋಲಿಯಿತ್ತು, ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು. ಬಾಡಿಗೆಯವರು ಬಿಟ್ಟುಹೋಗಿ ಖಾಲಿಯಿತ್ತು. ಶನಿವಾರ ರಾತ್ರಿಗೆಂದು ಅಲ್ಲಿ ಚಾಪೆ ಹಾಸಿಕೊಟ್ಟದ್ದು, ಆಮೇಲೆ ಚಾಪೆ ಹೋಗಿ ಗಾದಿ ಬಂತು.

ಮೊದಲ ಮೂರು ದಿನ ಆ ತಾಯಿ ಮಗ ಮೂರು ಹೊತ್ತೂ ಅವಲಕ್ಕಿ ತಿಂದರು. ಹಚ್ಚಿದ ಅವಲಕ್ಕಿ, ಒಗ್ಗರಣೆ ಅವಲಕ್ಕಿ, ಮೊಸರವಲಕ್ಕಿ. ಅವ್ವ ಕೈಮುಗಿದು, “ಅಕ್ಕಾರ, ಹಿಂತಾ ಟೈಮಿನ್ಯಾಗ ಎಂಥಾ ನೇಮರೀ, ಒಂದ್ ರೊಟ್ಟಿ ತಿನ್ರಿ” ಎಂದು ಬೇಡಿಕೊಂಡಳು. ಅವರು ನಕ್ಕು, “ಬ್ಯಾಡ್ರಿ, ಅವಲಕ್ಕಿ ಹಗೂರ ಇರ್ತದ” ಎಂದರು. ಮಗನ ಮುಖ ನೋಡಿದರೆ ಹಗುರವಾಗಿಯೇನೂ ಇರಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಕಿರಾಣಿ ಅಂಗಡಿ ತೆರೆಯುವ ಹೊತ್ತಿಗೆ ಆಕೆ ಸೆರಗು ಹೊದ್ದು ಹೋಗಿ ಜೋಳದ ಹಿಟ್ಟು, ಬೇಳೆ, ಎಣ್ಣೆ, ಕೊನೆಗೆ ಒಂದು ಪುಡಿಕೆ ಉಪ್ಪನ್ನೂ ತಂದರು. ಹಳೆಯ ಬಾಡಿಗೆಯವರು ಬಿಟ್ಟಿದ್ದ ಸಣ್ಣ ಗ್ಯಾಸಿನ ಒಲೆಯ ಮೇಲೆ ತಮ್ಮ ಅಡುಗೆ ತಾವೇ ಮಾಡತೊಡಗಿದರು. ನಮ್ಮ ಮನೆಯಿಂದ ತೆಗೆದುಕೊಂಡದ್ದು ನೀರು ಮಾತ್ರ.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯ ಉಪ್ಪಿಗೆ ಏನಾಗಿದೆ? ಕೆಳಗೆ ನನ್ನ ಅವ್ವ ಎರಡು ರೊಟ್ಟಿ ಹೆಚ್ಚು ಬಡಿದು ಬುಟ್ಟಿಯಲ್ಲಿ ಮುಚ್ಚಿಡುವುದು, ಮೇಲೆ ಆಕೆ ಟಪಟಪ ಬೇರೆ ರೊಟ್ಟಿ ಬಡಿಯುವುದು. “ಸೊಕ್ಕು, ಇನ್ನೇನು” ಎಂದೆ. ಅಪ್ಪ ಬಾಯಿ ಮೇಲೆ ಬೆರಳಿಟ್ಟು, “ಸಣ್ಣಗ ಮಾತಾಡು. ಅವ್ರು ಊರು ಮುಟ್ಟೋ ತನಾ ನಿನ್ನ ಇಲ್ಲ ಅನ್ನೂದು ಬಾಯಾಗೇ ಇರ್ಲಿ” ಎಂದ. ಮಾಳಿಗೆಯ ಮೇಲೆ ಇರುವವರಿಗೆ, ಹೋಗಲು ದಾರಿಯಿಲ್ಲದವರಿಗೆ, ನಿಮ್ಮ ಸಂಬಂಧ ಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಅಷ್ಟೂ ದಿನ ಆ ಒಂದು ಮಾತನ್ನು ಅಡಿಕೆ ಹೋಳಿನ ಹಾಗೆ ದವಡೆಯಲ್ಲಿ ಇಟ್ಟುಕೊಂಡು ತಿರುಗಿದೆ. ನನ್ನಂಥವಳಿಗೆ ಅದು ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರೇ ಹೇಳಬೇಕು.

ಎದುರು ಮನೆಯ ಮೌಶಿ ಕಿಟಕಿಯಲ್ಲಿ ಠಾಣೆ ಹಾಕಿದ್ದಳು. ಅವಳಿಗೆ ಟಿವಿಗಿಂತ ನಮ್ಮ ಮಾಳಿಗೆಯೇ ಮೇಲಾಗಿತ್ತು. “ಆತಾ ಕಾಯ್, ಲಗ್ನ ಝಾಲಂಚ್ ಸಮಜಾ!” ಎಂದು ಕೂಗಿದಳು ಒಂದು ದಿನ. ಇನ್ನೇನು, ಲಗ್ನ ಆದಂತೆಯೇ ತಿಳಿ ಅಂತ. ಮದುವೆಯಾಗದ ಹುಡುಗ ಇಷ್ಟು ದಿನ ಹುಡುಗಿಯ ಮನೆಯಲ್ಲಿ ಇದ್ದ ಮೇಲೆ ಆ ಹುಡುಗಿಯನ್ನು ಬೇರೆ ಯಾರು ಕೇಳುತ್ತಾರೆ ಎಂದು ಅವ್ವನ ಮುಂದೆ ಮೆಲ್ಲಗೆ ಹೇಳಿಯೂ ಹೋಗಿದ್ದಳು. ಅವ್ವ ಅದನ್ನು ಕೇಳಿ ಒಳಗೊಳಗೇ ಹೆದರಿದ್ದು ನನಗೆ ಗೊತ್ತಾಗುತ್ತಿತ್ತು. ಬಾಯಲ್ಲಿರುವ ಮಾತನ್ನು ಕೊನೆಗೆ ಹೇಳಲು ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆ ನನಗೂ ಹತ್ತಿತು.

ಏಪ್ರಿಲ್ ಬಂದಿತು. ನಮ್ಮ ಕಡೆಯ ಏಪ್ರಿಲ್ ಗೊತ್ತಲ್ಲ, ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ನಮ್ಮ ಟೇಬಲ್ ಫ್ಯಾನು ಆ ವಾರವೇ ಕೆಟ್ಟಿತು. ಮೂಕಬಸವ ಮೇಲಿನಿಂದ ಇಳಿದು ಬಂದು, ಮಾತಿಲ್ಲದೆ ಫ್ಯಾನು ಎತ್ತಿಕೊಂಡು ಹೋಗಿ, ಸಂಜೆಗೆ ತಂದಿಟ್ಟ. ಸ್ವಿಚ್ಚು ಒತ್ತಿದರೆ ಪಂಕ ಗರಗರ ತಿರುಗಿತು, ಗಾಳಿ ಮಾತ್ರ ನಮ್ಮ ಕಡೆ ಬರಲಿಲ್ಲ. ಹಿಂದಿನ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರು ಪಟಪಟ ಹಾರುತ್ತಿತ್ತು. ಉಲ್ಟಾ ಸುತ್ತುತ್ತಿತ್ತು ಫ್ಯಾನು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನ ಕಿವಿ ಕೆಂಪಾದವು, ಆಮೇಲೆ ಅವನೂ ನಕ್ಕ. “ಗಡಬಡ್ಯಾಗ ವಾಯರ ಅದಲಿಬದಲಿ ಆದ್ವು. ಹದಿನೈದು ದಿನ ಆಯ್ತು ಕೈ ಖಾಲಿ ಇದ್ದು, ಖುಷಿ ಭಾಳ ಆಗಿತ್ರಿ” ಎಂದ. ಅವನಿಗೆ ಬಾಯಿ ಇದೆ ಎಂದು ನನಗೆ ತಿಳಿದದ್ದು ಆಗ. ಮರುದಿನದಿಂದ ಓಣಿಯ ಕೆಟ್ಟ ಫ್ಯಾನು, ಮಿಕ್ಸಿ ಎಲ್ಲ ಮೆಟ್ಟಿಲ ಕೆಳಗೆ ಸಾಲುಗಟ್ಟಿದವು. ಮೌಶಿಯ ಕೂಲರೂ ಬಂತು.

ಅದೇ ದಿನಗಳಲ್ಲಿ ಹೆದ್ದಾರಿಯ ಮೇಲೆ ಜನ ನಡೆಯುತ್ತಿದ್ದರು. ಪುಣೆ, ಮುಂಬೈ ಕಡೆಯಿಂದ ಬಂದವರು, ಹೈದರಾಬಾದ್ ಕಡೆಗೆ, ಬೀದರ್ ಕಡೆಗೆ. ಯೆಣೆಗೂರದ ಢಾಬಾಗಳೆಲ್ಲ ಮುಚ್ಚಿದ್ದವು. ನಮ್ಮ ಓಣಿಯ ಹೆಂಗಸರು ಮನೆಗಿಷ್ಟು ಎಂದು ರೊಟ್ಟಿ ಬಡಿದು, ಹಸಿಮೆಣಸಿನ ಚಟ್ನಿ ಕಟ್ಟಿ ಕಳಿಸುತ್ತಿದ್ದರು. ಮೇಲಿನ ಒಲೆಯ ರೊಟ್ಟಿ, ಕೆಳಗಿನ ಒಲೆಯ ರೊಟ್ಟಿ ಒಂದೇ ಬುಟ್ಟಿಯಲ್ಲಿ ಹೋಗುತ್ತಿದ್ದವು. ಬುಟ್ಟಿ ಹೊರುತ್ತಿದ್ದದ್ದು ಅಪ್ಪ ಮತ್ತು ಅವನು. ಒಂದು ದಿನ ಅವನು ಬರಿಗಾಲಲ್ಲಿ ತಿರುಗಿ ಬಂದ. ಡಾಂಬರಿಗೆ ಅಂಗಾಲು ಬೊಬ್ಬೆ ಎದ್ದಿತ್ತು. ಕೂಸನ್ನು ಹೆಗಲ ಮೇಲೆ ಹೊತ್ತ ಒಬ್ಬಳ ಚಪ್ಪಲಿ ಹರಿದಿದ್ದವಂತೆ. “ಆಕಿ ಇನ್ನಾ ಜಹೀರಾಬಾದ ತನಾ ಹೋಗ್ಬೇಕಂತ. ನಾ ಇಲ್ಲೇ ಇರಾಂವ” ಎಂದ. ಆ ರಾತ್ರಿ ಅವನು ಉಣ್ಣಲಿಲ್ಲ ಎಂದು ಅವನ ತಾಯಿ ಹೇಳಿದರು. ಚಪ್ಪಲಿ ಅಂಗಡಿ ಮುಚ್ಚಿದ್ದರಿಂದ ಮುಂದೆ ಅಷ್ಟೂ ದಿನ ನಮ್ಮಪ್ಪನ ಸಣ್ಣ ಅಳತೆಯ ಬಚ್ಚಲ ಚಪ್ಪಲಿಯನ್ನೇ ಹಾಕಿಕೊಂಡು, ಅರ್ಧ ಪಾದ ಹೊರಗೆ ಬಿಟ್ಟುಕೊಂಡು ಓಡಾಡಿದ. ಅದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು, ಆ ಮನುಷ್ಯ ನನಗೆ ಹಿಡಿಸತೊಡಗಿದ್ದೂ ನಿಜ. ಆದರೆ ಊರವರೆಲ್ಲ ಇವಳು ಹೂಂ ಅನ್ನಲೇಬೇಕು ಎಂದು ಕೂತಿರುವಾಗ ಹೂಂ ಅನ್ನುವುದು ನನ್ನ ಜಾಯಮಾನವಲ್ಲ. ಹಿಡಿಸಿದಷ್ಟೂ ಹಲ್ಲು ಕಚ್ಚಿದೆ.

ತಿಂಗಳು ತುಂಬಿದ ಮೇಲೆ ಸೊಲ್ಲಾಪುರದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡ. ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದವನು. ಅದೇ ರೋಗ. ಮಣ್ಣು ಮಾಡುವುದನ್ನು ಯಾರೋ ದೂರದಿಂದ ಫೋನಿನಲ್ಲಿ ತೋರಿಸಿದರು, ಅದೂ ನಡುನಡುವೆ ನಿಂತು ನಿಂತು. ಅಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಚಿತ್ರ ನಿಂತಾಗಲೆಲ್ಲ, “ಅಣ್ಣಾ, ಅಣ್ಣಾ” ಎನ್ನುತ್ತಿದ್ದ. ಅಷ್ಟು ದೊಡ್ಡ ಮನುಷ್ಯ ಹಾಗೆ ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ನೆರೆಯವರು ಅಡುಗೆ ತಂದು ಎಬ್ಬಿಸಿ ಉಣಿಸುತ್ತಾರೆ. ಆ ದಿನ ಯಾರೂ ಬರಲಿಲ್ಲ. ನಾವು ಸೊಲ್ಲಾಪುರದ ಮುಖ ನೋಡಿ ತಿಂಗಳುಗಳಾಗಿದ್ದವು, ಆದರೂ ಓಣಿಗೆಲ್ಲ ನಮ್ಮ ಬಾಗಿಲು ಎಂದರೆ ಅಂಜಿಕೆ. ಮೌಶಿಯ ಕಿಟಕಿ ಕೂಡ ಮುಚ್ಚಿತ್ತು. ಯಾರನ್ನೂ ಬಯ್ಯಲಾರೆ, ಆಗಿನ ಹೆದರಿಕೆಯೇ ಹಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವನ ತಾಯಿ ಇಳಿದು ಬಂದು ಒಂದು ಬುಟ್ಟಿ ರೊಟ್ಟಿ, ಒಂದು ಬೋಗುಣಿ ಬೇಳೆ, ಅನ್ನ ತಂದು ನಡುಮನೆಯಲ್ಲಿಟ್ಟರು. ತಾವೇ ತಾಟು ಹುಡುಕಿಕೊಂಡು ಬಡಿಸಿದರು. ಅಪ್ಪ ಎದ್ದು ಕೂತು, “ನಿಮ್ಮ ಉಪ್ಪು ನಾವು...” ಎಂದು ತಡವರಿಸಿದ. “ಈಗ ಮಾತ ಬ್ಯಾಡ್ರಿ. ಉಣ್ರಿ” ಎಂದು ಅವನ ಕೈಗೆ ನೀರು ಹಾಕಿದರು. ನಾವು ಮೂವರೂ ಅಳುತ್ತಲೇ ಉಂಡೆವು. ಮೂರು ದಿನ ಹೀಗೇ ನಡೆಯಿತು.

ನಾಲ್ಕನೆಯ ದಿನ ಅಪ್ಪ ಅವ್ವನಿಗೆ ಹೇಳುವುದು ಕೇಳಿಸಿತು. “ಅವ್ರ ಉಪ್ಪು ಉಂಡ್ವಿ. ಇನ್ನ ಇಲ್ಲ ಅಂತ ಹ್ಯಾಂಗ ಅನ್ನೂದು? ಆಕಿಗಿ ತಿಳಿಸಿ ಹೇಳು.”

ಆಕಿ ಎಂದರೆ ನಾನು. ನನಗೆ ತಡೆಯಲಾಗಲಿಲ್ಲ. ಹೊರಗಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಅವನು ಇರಲಿಲ್ಲ, ಯಾರದೋ ಬೋರಿನ ಮೋಟಾರು ನೋಡಲು ಹೋಗಿದ್ದ. ಆಕೆ ಮೆಂತೆ ಸೊಪ್ಪು ಸೋಸುತ್ತ ಕೂತಿದ್ದರು. ಹತ್ತಿರದ ದಾಳಿಂಬ ಎಂಬ ಹಳ್ಳಿಯ ರೈತರೊಬ್ಬರು ಆ ದಿನ ಟ್ರ್ಯಾಕ್ಟರಿನಲ್ಲಿ ತರಕಾರಿ ತಂದಿದ್ದರು.

“ಕಾಕು,” ಎಂದೆ, ಚಿಕ್ಕಮ್ಮನನ್ನು ಕರೆಯುವ ಹಾಗೆ, “ನೀವು ನಮ್ಮ ಉಪ್ಪು ಮುಟ್ಟಂಗಿಲ್ಲ. ನಮಗ ಮಾತ್ರ ನಿಮ್ಮ ಉಪ್ಪು ಉಣಿಸಿ ಕಟ್ಟಿ ಹಾಕ್ತೀರಿ? ಇದ್ಯಾವ ನ್ಯಾಯ? ನಮ್ಮ ಮನಿ ಅಡುಗಿಗಿ ಏನಾಗ್ಯಾದ?”

ಇಷ್ಟು ಹೇಳುವಾಗ ನನ್ನ ದನಿ ಓಣಿಗೆಲ್ಲ ಕೇಳುವಷ್ಟು ಏರಿತ್ತು. ಆಕೆ ಸೊಪ್ಪಿನ ಬುಟ್ಟಿ ಬದಿಗೆ ಸರಿಸಿದರು.

“ಕೂಡ್ರು. ನನ್ನ ನೋಡ್ಲಿಕ್ಕ ಬಂದಾಗೂ ಹಿಂಗೇ ಆಗಿತ್ತು. ಹಳ್ಳ ಬಂದು ದಾರಿ ಬಂದ್ ಆಗಿತ್ತು. ಗಂಡಿನ ಕಡಿಯವ್ರು ಎರಡ್ ದಿನಾ ನಮ್ಮ ಮನ್ಯಾಗೇ ಉಳಿದ್ರು, ಉಂಡ್ರು. ಮೂರನೇ ದಿನಾ ನಮ್ಮಪ್ಪ ಅಂದ, ನಮ್ಮ ಉಪ್ಪು ಉಂಡಾರ, ಈಗ ಇಲ್ಲ ಅಂದ್ರ ಹ್ಯಾಂಗ? ಅಲ್ಲಿಗಿ ಮುಗೀತು. ನನ್ನ ಯಾರೂ ಕೇಳ್ಲಿಲ್ಲ.”

ನಾನು ಅಲ್ಲೇ ನೆಲದ ಮೇಲೆ ಕೂತೆ.

“ಬಾಳೇವು ಚಂದನೇ ಆಯ್ತು, ಸುಳ್ಳ ಯಾಕ ಹೇಳ್ಲಿ. ನನ್ನ ಗಂಡ ಭಾಳ ಒಳ್ಳೆಯಾಂವ ಇದ್ದ. ಆದ್ರೂ ಆ ಮೂರನೇ ದಿನಾ ಇನ್ನಾ ಹೊಟ್ಟ್ಯಾಗ ಕುಂತದ.” ಸೊಪ್ಪಿನ ಬುಟ್ಟಿ ಮತ್ತೆ ಹತ್ತಿರ ಎಳೆದುಕೊಂಡು ಅಂದರು. “ನೀ ಅಡುಗಿಮನ್ಯಾಗ ನಿಮ್ಮವ್ವಗ ಬ್ಯಾಡ ಅಂದದ್ದು ನಾ ಕೇಳೀನಿ. ಹಿತ್ತಲ ನಳದಾಗ ಕೈ ತೊಳೀಲತ್ತಿದ್ದೆ. ಬಸ್ಸು ಇಲ್ಲ ಅಂದ ಕೂಡ್ಲೆ ನನಗ ನಮ್ಮಪ್ಪನ ಮಾತ ನೆನಪಾಯ್ತು. ನಾ ನಿಮ್ಮ ಮನ್ಯಾಗ ಒಂದ್ ತುತ್ತು ಉಂಡ್ರ ನಾಳಿ ನೀ ಬ್ಯಾಡ ಅನ್ಲಿಕ್ಕ ಯಾರೂ ಬಿಡಂಗಿಲ್ಲ. ಅದಕ್ಕೇ ಒಲಿ ಬ್ಯಾರೆ ಹಚ್ಚೀನಿ.”

ನಾನು ಎಲ್ಲಿ ನೋಡಬೇಕು ಎಂದು ತಿಳಿಯದೆ ಸೊಪ್ಪು ನೋಡಿದೆ. ಅಷ್ಟು ದಿನ ನಾನು ಯಾವುದನ್ನು ಸೊಕ್ಕು ಎಂದು ಬಯ್ಯುತ್ತಿದ್ದೆನೋ ಅದು ನನ್ನ ಸಲುವಾಗಿ ನಡೆದಿತ್ತು. ನಾಚಿಕೆಯಿಂದ ಅಳು ಬಂತು. ಅಳುತ್ತಲೇ ಕೇಳಿದೆ, “ಮೂಕಬಸವ ಅಂದದ್ದೂ ಕೇಳೀರಿ?”

“ಕೇಳೀನಿ.”

“ಅವ್ರಿಗಿ ಹೇಳೀರಿ?”

“ಹೇಳಿಲ್ಲ. ಹೇಳಿದ್ರ ನಿಮ್ಮ ಫ್ಯಾನ ಜನ್ಮದಾಗ ಸೀದಾ ತಿರುಗತಿರಲಿಲ್ಲ” ಎಂದು ನಕ್ಕರು. “ಇನ್ನ ಸಾವಿನ ಮನ್ಯಾಗ ಉಣಿಸಿದ್ದಕ್ಕ ಋಣ ಇರಂಗಿಲ್ಲ. ನಿಮ್ಮಪ್ಪಗ ನಾನೇ ಹೇಳ್ತೀನಿ.”

ನಾನು ಕಣ್ಣೊರೆಸಿಕೊಂಡು, “ಕಾಕು, ಈಗ ಹಂಗಿಲ್ಲ. ಸಂಜಿಗಿ ಕೆಳಗ ಊಟಕ್ಕ ಬರ್ರಿ” ಎಂದೆ. ನನ್ನ ಬಾಯಿಂದ ಅದು ಬಂದದ್ದು ಕಂಡು ನನಗೇ ಆಶ್ಚರ್ಯವಾಯಿತು.

ಆಕೆ ತಲೆ ಅಲ್ಲಾಡಿಸಿದರು. “ಬ್ಯಾಡ. ಮನ್ಯಾಗ ಸಾವು ಆಗ್ಯಾದ, ಹೊರಗ ದಾರಿ ಬಂದ್ ಅದ, ಎದುರು ಮನ್ಯಾಕಿ ಕಿಟಕ್ಯಾಗ ಕುಂತಾಳ. ಹಿಂತಾ ಹೊತ್ತಿನ್ಯಾಗ ಅಂದ ಹೂಂ ನನಗ ಬ್ಯಾಡ. ದಾರಿ ತೆರೀಲಿ. ನಾ ನನ್ನ ಮನ್ಯಾಗ ಇರ್ತೀನಿ, ನೀ ನಿನ್ನ ಮನ್ಯಾಗ ಇರು. ಆಗೂ ಅನ್ನಿಸಿದ್ರ ಕರೀ. ಅನ್ನಿಸ್ಲಿಲ್ಲಂದ್ರ ಓದ್ತೀನಿ ಅಂತ ಹೇಳು, ನಾ ತಿಳ್ಕೋತೀನಿ.”

ಮೇ ತಿಂಗಳ ಮೊದಲಲ್ಲಿ ಪಾಸು ಸಿಕ್ಕಿತು, ಜೀಪು ಬಂತು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಕೂಲರು ರಿಪೇರಿಯಾದ ಉಪಕಾರಕ್ಕೋ ಏನೋ, ಮೌಶಿ ಒಂದು ಡಬ್ಬಿ ಶೇಂಗಾ ಉಂಡೆ ಕೊಟ್ಟಳು. ಅವನ ತಾಯಿ ಅದನ್ನು ತೆಗೆದುಕೊಂಡು, ತಮ್ಮ ಅರೆಬರೆ ಮರಾಠಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಈ ಮನೆಯಲ್ಲಿ ನಾವು ನೀರು ಬಿಟ್ಟರೆ ಬೇರೆ ಏನೂ ಮುಟ್ಟಿಲ್ಲ, ಮಾತೂ ಕೂಡಿಲ್ಲ, ಹುಡುಗಿ ಓದುವವಳು ಎಂದು ಹೇಳಿದರು. ಮೊದಲ ಮೂರು ದಿನದ ಅವಲಕ್ಕಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೌಶಿಯ ಮುಖ ನೋಡುವಂತಿತ್ತು. ಅವನು ಜೀಪು ಹತ್ತುವ ಮೊದಲು ನನ್ನ ಹತ್ತಿರ ಬಂದ. ಏನೋ ಹೇಳುತ್ತಾನೆ ಎಂದು ನಾನೂ ನಿಂತೆ. “ಫ್ಯಾನಿಗಿ ತಿಂಗಳಿಗೊಮ್ಮೆ ಎಣ್ಣಿ ಬಿಡ್ರಿ” ಎಂದ. ಇಷ್ಟು ದಿನದ ಮೇಲೆ ಇದೇ ಮಾತು! ಸಿಟ್ಟು ಬಂದು ಒಳಗೆ ಹೋದೆ. ತಿಂಗಳಿಗಲ್ಲ, ವಾರಕ್ಕೊಮ್ಮೆ ಎಣ್ಣೆ ಬಿಟ್ಟೆ.

ಆಮೇಲೆ ಆಕೆ ಫೋನು ಮಾಡುತ್ತಿದ್ದದ್ದು ಅವ್ವನಿಗೆ, ಎಲ್ಲರೂ ಆರಾಮ ಇದ್ದೀರಾ ಎಂದು ಕೇಳಲು. ನನ್ನ ಮಾತು ಒಂದು ದಿನವೂ ತೆಗೆಯಲಿಲ್ಲ. ಅಪ್ಪ ಅಂಗಡಿ ತೆರೆದ. ನಾನು ಓದಿದೆ, ಪರೀಕ್ಷೆ ಬರೆದೆ. ಮಧ್ಯಸ್ಥಿಕೆಯವರು ಲಾತೂರಿನ ಇನ್ನೊಂದು ಸಂಬಂಧ ತಂದರು. ಅಪ್ಪ ನನ್ನನ್ನು ಕರೆದು, “ನೋಡ್ಲಿಕ್ಕ ಬರ್ಲೋ ಬ್ಯಾಡೋ, ನೀ ಹೇಳು” ಎಂದು ಕೇಳಿದ. ಹಿಂದಿನ ಯಾವ ಸಲವೂ ಹಾಗೆ ಕೇಳಿದವನಲ್ಲ. ಬ್ಯಾಡ ಎಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಗಡಿ ದಾಟುವ ಬಸ್ಸುಗಳು ಶುರುವಾದವು. ಅಪ್ಪ ಪೇಟೆಯಿಂದ ಆ ಸುದ್ದಿ ತಂದ ದಿನ ಮಧ್ಯಾಹ್ನ ನಾನು ಫೋನು ಹಿಡಿದು ಹೊರಗಿನ ಮೆಟ್ಟಿಲು ಹತ್ತಿದೆ. ಆಕೆಯೇ ಎತ್ತಿದರು. ನಾನು ಯಾರೆಂದು ಹೇಳಿದೆ. ಅವರ ಹಿಂದೆ ಎಲ್ಲೋ ಮೋಟಾರು ತಿರುಗುವ ಸದ್ದು ಕೇಳುತ್ತಿತ್ತು.

“ಬಾಜೂಕ ಯಾರರೆ ನಿಂತಾರೇನು?” ಎಂದರು.

“ಇಲ್ರಿ. ಮಾಳಿಗಿ ಮ್ಯಾಲ ಒಬ್ಬಾಕೀನೇ ಇದ್ದೀನಿ.”

“ಯಾರೂ ಹೇಳಿ ಕಳಿಸಿಲ್ಲಲ್ಲ?”

“ಇಲ್ಲ.”

“ಹಂಗಾದ್ರ ಈಗ ಹೇಳು,” ಎಂದರು.

“ಅತ್ತೀ,” ಎಂದೆ, “ಊಟಕ್ಕ ಬರ್ರಿ.”